ನಾಲ್ಕನೇ ತಟ್ಟೆ

ಪಕ್ಕದ ಮನೆಯಾಕೆ ಬೆಳಗ್ಗೆ ತಂದಿಟ್ಟಿದ್ದ ಅನ್ನವನ್ನು ಮಗಳು ಕಸದ ಡಬ್ಬಿಗೆ ಸುರಿಯುತ್ತಿದ್ದಳು. ಸೌಟಿನಿಂದ ಪಾತ್ರೆಯ ತಳ ಕೆರೆದು, ಒಂದು ಅಗುಳೂ ಬಿಡದ ಹಾಗೆ. ಅನ್ನ ತಂದಾಕೆ ಅಡುಗೆಮನೆಯ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು.

"ಹಳಸಿತ್ತೇನೇ?" ಎಂದಳು ಆಕೆ, ಮುಖ ಸಣ್ಣದು ಮಾಡಿಕೊಂಡು. "ಏಳು ಗಂಟೆಗೆ ಬಿಸಿಬಿಸಿ ಇಳಿಸಿ ತಂದಿದ್ದು ಕಣೇ."

"ಹಳಸಿಲ್ಲ ಆಂಟಿ, ಚೆನ್ನಾಗೇ ಇತ್ತು. ಈಗ ಹನ್ನೊಂದಾಯ್ತು. ಹೊರಗಿಟ್ಟು ನಾಲ್ಕು ಗಂಟೆ ಆದ್ಮೇಲೆ ಅಪ್ಪ..."

ಅಷ್ಟು ಹೇಳಿ ಮಗಳ ಕೈ ನಿಂತಿತು. ಗಂಟೆ ಲೆಕ್ಕ ಕೇಳುವ ಅಪ್ಪ ಹಜಾರದ ಮಂಚದ ಮೇಲೆ ಬಿಳಿ ಬಟ್ಟೆ ಹೊದ್ದು ಮಲಗಿದ್ದಾರೆ ಎಂಬುದು ಆಗ ನೆನಪಾಯಿತು. ಸೌಟು ಹಿಡಿದುಕೊಂಡೇ ಗೋಡೆಗೆ ಒರಗಿ ಗೊಳೋ ಎಂದು ಅತ್ತಳು. ಪಕ್ಕದ ಮನೆಯಾಕೆ ಮುನಿಸು ಮರೆತು ಓಡಿಬಂದು ತಬ್ಬಿಕೊಂಡಳು.

ಇಷ್ಟೂ ನಡೆದಾಗ ಅದೇ ಅಡುಗೆಮನೆಯ ತೊಟ್ಟಿಯ ಮುಂದೆ ನಿಂತು ಮೇಡಂ ಲೋಟ ತೊಳೆಯುತ್ತಿದ್ದರು. ಮೇಡಂ ಎಂದರೆ ಆಹಾರ ಪರೀಕ್ಷಾಲಯದ ಮುಖ್ಯಸ್ಥೆ. ಸತ್ತವರು ಅದೇ ಪರೀಕ್ಷಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದ ತಟ್ಟೆ ಮಾಸ್ತರು. ಸಾವಿನ ಮನೆಗೆ ಬಂದ ದೊಡ್ಡವರು ಹಜಾರದಲ್ಲಿ ಕುರ್ಚಿ ಹಿಡಿದು ಕೂರುತ್ತಾರೆ. ಇವರು ಬಂದವರೇ ಮಂಚದ ಕಡೆ ಒಂದು ಸಲ ನೋಡಿ, ನೆಟ್ಟಗೆ ಅಡುಗೆಮನೆ ಹೊಕ್ಕು, ತೋಳು ಮೇಲೇರಿಸಿ ಲೋಟ ತೊಳೆಯಲು ನಿಂತರು. "ಎಂಥ ಹುದ್ದೆ, ಎಂಥ ಸರಳ ನೋಡಿ" ಎಂದು ಯಾರೋ ಮೆಚ್ಚಿಕೊಂಡಿದ್ದೂ ಆಯಿತು. ಸರಳವೂ ಅಲ್ಲ, ಮಣ್ಣೂ ಅಲ್ಲ. ಮಂಚದ ಹತ್ತಿರ ನಿಲ್ಲಲು ಅವರಿಗೆ ಹೆದರಿಕೆ.

ಮಾಸ್ತರು ತಾವು ಮಾಡದ ಒಂದು ತಪ್ಪನ್ನು ಮಾಡಿದೆ ಎಂದೇ ನಂಬಿ ಸತ್ತಿದ್ದರು. ಮಾಡಿದವರು ಇಲ್ಲಿ ಲೋಟ ತೊಳೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಬಾಯಿ ಬಿಟ್ಟಿರಲಿಲ್ಲ. ಮಾಸ್ತರು ಹಾಸಿಗೆ ಹಿಡಿದರು ಎಂದು ಆರು ತಿಂಗಳ ಹಿಂದೆ ಸುದ್ದಿ ಬಂದಾಗ, ಈ ಭಾನುವಾರ ಹೋಗಿ ಹೇಳಿಬಿಡಬೇಕು ಅಂದುಕೊಂಡರು. ಆ ಭಾನುವಾರ ಮುಂದಿನ ಭಾನುವಾರವಾಯಿತು, ಅದು ಅದರ ಮುಂದಿನದ್ದಾಯಿತು. ಮಾಸ್ತರು ಶುಕ್ರವಾರ ಬೆಳಗ್ಗೆ ಆರು ಗಂಟೆಗೆ ಹೊರಟುಬಿಟ್ಟರು. ಮೂರು ಗಂಟೆಗೆ ವ್ಯಾನು ಬರುತ್ತದೆ. ಅಷ್ಟರೊಳಗೆ ಈ ಮನೆಯಲ್ಲಿ ಯಾರಿಗಾದರೂ ಹೇಳಲೇಬೇಕು ಎಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡು ಬಂದಿದ್ದರು. ಬಾಗಿಲು ದಾಟುತ್ತಲೇ ಆ ಗಟ್ಟಿಯೆಲ್ಲ ನೀರಾಗಿತ್ತು.

ಕಣ್ಣೆತ್ತಿದರೆ ಎಲ್ಲೆಲ್ಲೂ ಮಾಸ್ತರೇ. ಫ್ರಿಜ್ಜಿನೊಳಗಿನ ಪ್ರತಿ ಡಬ್ಬಿಗೂ ಒಂದು ಚೀಟಿ, ಚೀಟಿಯಲ್ಲಿ ದಿನ, ಗಂಟೆ, ನಿಮಿಷ. ಅದರ ಬಾಗಿಲಿಗೆ ತೂಗುಹಾಕಿದ ಥರ್ಮಾಮೀಟರು. ತರಕಾರಿ ಹೆಚ್ಚುವ ಮಣೆ ಬೇರೆ, ಮಾಂಸದ ಮಣೆ ಬೇರೆ, ತಪ್ಪಿ ಅದಲುಬದಲಾಗದಿರಲೆಂದು ಎರಡಕ್ಕೂ ಎರಡು ಬಣ್ಣದ ಪಟ್ಟಿ. ಒಬ್ಬ ಮನುಷ್ಯ ತನ್ನ ಮನೆಯ ಅನ್ನಕ್ಕೇ ಇಷ್ಟು ಹೆದರಿಕೊಂಡು ಬದುಕಿದ್ದ. ಮೇಡಂ ಒಂದು ಚೀಟಿ ಓದಿದರು, ಎರಡನೆಯದು ಓದಲಾಗಲಿಲ್ಲ.

* * *

ಇಪ್ಪತ್ತೆರಡು ವರ್ಷಗಳ ಹಿಂದೆ ಮೇಡಂ ಇನ್ನೂ ಮೇಡಂ ಆಗಿರಲಿಲ್ಲ, ಹಾಗಾಗಿ ಅವಳು ಎಂದೇ ಕರೆಯೋಣ. ಇಪ್ಪತ್ನಾಲ್ಕರ ಹುಡುಗಿ, ಕೆಲಸಕ್ಕೆ ಸೇರಿ ಮೂರು ತಿಂಗಳು. ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಮಾಸ್ತರು ಮೊದಲ ದಿನವೇ ರಿಜಿಸ್ಟರು ನೋಡಿ, "ಅಬ್ಬಾ, ಈ ಕಚೇರೀಲಿ ಒಬ್ಬರಾದ್ರೂ ಓದೋ ಹಾಗೆ ಬರೀತಾರಲ್ಲ" ಎಂದು ಗುಂಡಕ್ಷರ ಎಂದು ಹೆಸರಿಟ್ಟರು. ಅವರ ಹೆಸರೂ ಅಷ್ಟೇ, ಹೊಸಬರಿಗೆಲ್ಲ ತಟ್ಟೆ ಓದಲು ಕಲಿಸಿ ಕಲಿಸಿ ತಟ್ಟೆ ಮಾಸ್ತರು ಆಗಿದ್ದರು.

ತಟ್ಟೆ ಓದುವುದು ಎಂದರೆ ಇಷ್ಟು. ಅನ್ನವೋ ಹಾಲೋ ಪರೀಕ್ಷೆಗೆ ಬಂದರೆ ಅದನ್ನು ನೀರಿನಲ್ಲಿ ಅರೆದು ಹತ್ತು ಪಟ್ಟು ತೆಳು ಮಾಡಬೇಕು. ಆ ತೆಳುವನ್ನು ಮತ್ತೆ ಹತ್ತು ಪಟ್ಟು. ಹೀಗೆ ನಾಲ್ಕು ಸಲ. ಒಂದೊಂದನ್ನೂ ಒಂದೊಂದು ಗಾಜಿನ ತಟ್ಟೆಗೆ ಹಾಕಿ ಒಂದು ದಿನ ಬೆಚ್ಚಗಿಟ್ಟರೆ, ಕಣ್ಣಿಗೆ ಕಾಣದ ಕ್ರಿಮಿ ಬೆಳೆದು ಚುಕ್ಕೆಯಾಗಿ ಕಾಣುತ್ತದೆ. ಎಣಿಸಲು ಆಗುವಷ್ಟು ಚುಕ್ಕೆ ಯಾವ ತಟ್ಟೆಯಲ್ಲಿದೆಯೋ ಅದನ್ನು ಎಣಿಸಿ, ಆ ತಟ್ಟೆಯ ಸಂಖ್ಯೆ ಎಷ್ಟೋ ಅಷ್ಟು ಸೊನ್ನೆ ಸೇರಿಸಬೇಕು. ಎರಡನೇ ತಟ್ಟೆಯಲ್ಲಿ ನಲವತ್ತೆರಡು ಚುಕ್ಕೆ ಎಂದರೆ ನಾಲ್ಕು ಸಾವಿರದ ಇನ್ನೂರು. ಹೆದರಬೇಕಾಗಿಲ್ಲ. ನಾಲ್ಕನೇ ತಟ್ಟೆಯಲ್ಲಿ ನಲವತ್ತೆರಡು ಎಂದರೆ ನಾಲ್ಕು ಲಕ್ಷದ ಇಪ್ಪತ್ತು ಸಾವಿರ. ಆ ಅಡುಗೆಮನೆಗೆ ಅವತ್ತೇ ಬೀಗ ಹಾಕಬೇಕು.

ಮಾಸ್ತರು ಕಿಟಕಿಯ ಬೆಳಕಿಗೆ ತಟ್ಟೆ ಹಿಡಿದು ಎಣಿಸಿ ಕೂಗುವರು, ಅವಳು ಬರೆಯುವಳು. ಮೊದಲು ತಟ್ಟೆಯ ಸಂಖ್ಯೆ, ಆಮೇಲೆ ಚುಕ್ಕೆಯ ಸಂಖ್ಯೆ. ಬೇಯಿಸಿದ ಪದಾರ್ಥ ಹತ್ತಕ್ಕೆ ಒಂಬತ್ತು ಸಲ ಎರಡನೇ ತಟ್ಟೆಯಲ್ಲೇ ಎಣಿಕೆಗೆ ಸಿಗುತ್ತಿತ್ತು. ಅವತ್ತು ಮೂವತ್ತಾರು ಮಾದರಿ, ಎಲ್ಲವೂ ಬೇಯಿಸಿದ್ದು. ಐದೂವರೆ ಆಟಕ್ಕೆ ಗೆಳತಿ ಸಿನಿಮಾ ಟಿಕೆಟ್ ತೆಗೆಸಿಟ್ಟಿದ್ದಳು. ಗುಂಡಕ್ಷರದ ಹುಡುಗಿ ಒಂದು ಜಾಣತನ ಮಾಡಿದಳು. ಮಾಸ್ತರು ಊಟ ಮುಗಿಸಿ ಬರುವಷ್ಟರಲ್ಲಿ ತಟ್ಟೆಯ ಕಾಲಮ್ಮಿನಲ್ಲಿ ಮೇಲಿಂದ ಕೆಳಗಿನ ತನಕ ಎರಡು, ಎರಡು, ಎರಡು ಎಂದು ಮೂವತ್ತಾರು ಸಲ ಬರೆದಿಟ್ಟಳು. ಬೇರೆ ಬಂದರೆ ಆಗ ತಿದ್ದಿದರಾಯಿತು, ಎಲ್ಲೋ ಒಂದೆರಡು ಬರುತ್ತದೆ ಅಷ್ಟೇ.

ಬಂದಿದ್ದು ಒಂದೇ. "ಹತ್ತೊಂಬತ್ತನೇ ಮಾದರಿ. ನಾಲ್ಕನೇದು. ನಲವತ್ತೆರಡು" ಎಂದರು ಮಾಸ್ತರು. ಅವಳ ಕಿವಿ ಕೇಳಿಸಿಕೊಂಡಿತು, ಕೈ ನಲವತ್ತೆರಡನ್ನು ಮಾತ್ರ ಬರೆಯಿತು. ಅಷ್ಟು ಹೊತ್ತಿಗೆ ಅವರು ಮುಂದಿನ ತಟ್ಟೆ ಎತ್ತಿಕೊಂಡಿದ್ದರು. ಎಣಿಸಿದ ತಟ್ಟೆಗಳಲ್ಲಿದ್ದ ಚುಕ್ಕೆಗಳೆಲ್ಲ ಸಂಜೆ ದೊಡ್ಡ ಕುಕ್ಕರಿನಲ್ಲಿ ಬೆಂದು ಕರಗಿದವು. ಮರುದಿನ ಅವಳು ಲೆಕ್ಕ ಹಾಕಿ, "ಅಪಾಯ ಕಡಿಮೆ" ಎಂದು ವರದಿ ಬರೆದಳು. ಮಾಸ್ತರು ರಿಜಿಸ್ಟರು ನೋಡಿಯೇ ಸಹಿ ಹಾಕಿದರು. ಆ ಅಕ್ಷರ ನೋಡಿದರೆ ಅನುಮಾನ ಪಡುವ ಮನಸ್ಸು ಯಾರಿಗೂ ಬರುತ್ತಿರಲಿಲ್ಲ.

ಹತ್ತೊಂಬತ್ತನೇ ಮಾದರಿ ನರ್ಸಿಂಗ್ ಹುಡುಗಿಯರ ಹಾಸ್ಟೆಲಿನ ಅನ್ನ. ಸಂಜೆ ಬೇಯಿಸಿ, ದೊಡ್ಡ ಹಂಡೆಯಲ್ಲಿ ಮುಚ್ಚಿಟ್ಟು, ಬೆಳಗ್ಗೆ ಬಿಸಿ ಮಾಡಿ ಬಡಿಸುವುದು ಆ ಅಡುಗೆಮನೆಯ ಪದ್ಧತಿ. ಮುಚ್ಚಿಟ್ಟ ಅನ್ನದಲ್ಲಿ ಆ ಕ್ರಿಮಿ ಬಿಡುವ ವಿಷ ಎಷ್ಟು ಬಿಸಿ ಮಾಡಿದರೂ ಹೋಗುವುದಿಲ್ಲ. ವರದಿ ಹೋದ ಒಂಬತ್ತನೇ ದಿನ ಮೂವತ್ತೊಂದು ಹುಡುಗಿಯರು ವಾಂತಿ ಮಾಡಿಕೊಂಡು ಮಲಗಿದರು. ಮೂವತ್ತು ಜನ ಎದ್ದರು. ಹತ್ತೊಂಬತ್ತು ವರ್ಷದ ಒಬ್ಬಳು ಮೂರನೇ ದಿನ ತೀರಿಕೊಂಡಳು.

* * *

ಹಜಾರದಲ್ಲಿ ಬಾಟಲಿ ಅಣ್ಣನ ದನಿ ಏರಿತ್ತು. ಪರೀಕ್ಷಾಲಯದಲ್ಲಿ ಮೂವತ್ತು ವರ್ಷ ಬಾಟಲಿ ತೊಳೆದ ಆತನಿಗೆ ಎಲ್ಲಿ ಹೋದರೂ ಸುತ್ತ ನಾಲ್ಕು ಜನ ಬೇಕು. ಪರೀಕ್ಷಾಲಯದಿಂದ ಬಂದ ಏಳೆಂಟು ಹುಡುಗ ಹುಡುಗಿಯರು, ಅಂದರೆ ಮೇಡಂ ಕೈಕೆಳಗಿನವರು, ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

"ಈ ಮಗಳ ಮದುವೇಲಿ ನೋಡ್ಬೇಕಿತ್ತು ನೀವು. ಬೀಗರು ಬಂದು ನಿಂತವ್ರೆ, ಹುಡುಗಿ ಅಪ್ಪ ಎಲ್ಲಿ? ಅಡುಗೆ ಮನೇಲಿ! ಒಂದೊಂದು ಪಾತ್ರೆಗೂ ಥರ್ಮಾಮೀಟರ್ ಚುಚ್ಚಿ ಚುಚ್ಚಿ ನೋಡ್ತಾವ್ರೆ. ಅಡುಗೆಯೋನು ಸೌಟು ಎಸೆದು, 'ಜ್ವರ ಬಂದಿದ್ರೆ ಡಾಕ್ಟರ್ ಕರೀರಿ ಸ್ವಾಮಿ, ನಾನು ಹೋಗ್ತೀನಿ' ಅಂದ!"

ಅಳುತ್ತಿದ್ದವರೂ ನಕ್ಕರು. ಕಣ್ಣೊರೆಸಿಕೊಂಡು ಬಂದ ಮಗಳೂ ನಕ್ಕಳು. "ನಾನು ಅವತ್ತು ಅಪ್ಪನ ಮುಖ ನೋಡ್ಲಿಲ್ಲ, ಅಷ್ಟು ಸಿಟ್ಟು ಬಂದಿತ್ತು" ಎಂದಳು. "ಹುಟ್ಟಿದ ಹಬ್ಬಕ್ಕೆ ಒಂದು ದಿನಾನೂ ಅಂಗಡಿ ಕೇಕ್ ತಿಂದೋಳಲ್ಲ ನಾನು. ಗೆಳತಿ ಮನೇಲಿ ಊಟ ಅಂದ್ರೆ ಬೇಡ. ಸ್ಕೂಲಲ್ಲಿ ಹುಡುಗ್ರು, 'ನಿಮ್ಮಪ್ಪ ಹುಡುಗೀನ ಸಾಯಿಸಿದ್ರಂತೆ' ಅನ್ನೋರು. ಮನೆಗೆ ಬಂದು ಅಪ್ಪನ್ನ ಕೇಳಿದ್ರೆ ಹೂಂ ಅಂದ್ಬಿಟ್ರು. ಇಲ್ಲ ಅಂತ ಒಂದು ಸುಳ್ಳು ಹೇಳಬಾರದಿತ್ತಾ ಮಗಳಿಗೆ?"

ಬಾಟಲಿ ಅಣ್ಣ ತಲೆಯಾಡಿಸಿದ. "ಕುಂಬಳಕಾಯಿ ಕಳ್ಳ ಅಂದ್ರೆ ಜನ ಹೆಗಲು ಮುಟ್ಟಿ ನೋಡ್ಕೋತಾರೆ. ಮಾಸ್ತರು ಕುಂಬಳಕಾಯೀನೇ ಹೊತ್ಕೊಂಡು ಬಂದು ಮುಂದೆ ನಿಂತ್ಕೊಂಡ್ರಲ್ಲವ್ವ. ಅಂಥೋರು ಈಗ ಎಲ್ಲವ್ರೆ? ಅವರ ಕೈಲಿ ಕಲಿತೋರು ನಮ್ಮ ಮೇಡಂ. ಈಗ ನೋಡಿ, ಯಾರಾದ್ರೂ ರಿಜಿಸ್ಟರಲ್ಲಿ ಒಂದಂಕಿ ಮುಂಚೆನೇ ಬರೆದಿಟ್ರೆ ಅವತ್ತೇ ಮನೆಗೆ ಕಳಿಸ್ತಾರೆ! ಗುರುವಿಗೆ ತಕ್ಕ ಶಿಷ್ಯೆ."

ಟ್ರೇ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದ ಮೇಡಂ ಹಾಗೇ ಹಿಂದಕ್ಕೆ ತಿರುಗಿದರು. ಮಗಳೊಬ್ಬಳನ್ನೇ ಕರೆದು ಹೇಳಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ತೊಳೆದಿಟ್ಟ ಲೋಟಗಳನ್ನು ಮತ್ತೆ ತೊಟ್ಟಿಗೆ ಹಾಕಿಕೊಂಡು ಇನ್ನೊಂದು ಸಲ ತೊಳೆಯತೊಡಗಿದರು. ಗೋಡೆ ಗಡಿಯಾರ ಹನ್ನೆರಡು ಹೊಡೆಯಿತು.

* * *

ವಿಚಾರಣೆ ನಡೆದಾಗ, ಶೀತಪೆಟ್ಟಿಗೆಯಲ್ಲಿ ತೆಗೆದಿಟ್ಟಿದ್ದ ಆ ಮಾದರಿಯ ಉಳಿದ ಭಾಗವನ್ನು ಹೊರತೆಗೆದು ಮತ್ತೆ ಪರೀಕ್ಷಿಸಿದ್ದರು. ನಾಲ್ಕು ಲಕ್ಷದ ಮೇಲೆ ಬಂತು. ಎಲ್ಲೋ ಎರಡು ಸೊನ್ನೆ ಬಿದ್ದುಹೋಗಿದೆ ಎಂಬುದಕ್ಕೆ ಅನುಮಾನ ಉಳಿಯಲಿಲ್ಲ. ವಿಚಾರಣೆಯ ಅಧಿಕಾರಿ ಇಬ್ಬರನ್ನೂ ಮುಂದೆ ಕೂರಿಸಿಕೊಂಡು ಕೇಳಿದರು. "ಓದಿದ್ದು ತಪ್ಪೋ, ಬರೆದಿದ್ದು ತಪ್ಪೋ?"

ಮೂವತ್ತಾರು ಎರಡುಗಳು ಅವಳ ಕಣ್ಣ ಮುಂದೆ ಸಾಲಾಗಿ ನಿಂತಿದ್ದವು. ಮಾಸ್ತರು ರಿಜಿಸ್ಟರನ್ನು ಹತ್ತಿರ ಎಳೆದುಕೊಂಡು ಬಹಳ ಹೊತ್ತು ನೋಡಿದರು.

"ಈ ಹುಡುಗಿ ಕೈ ತಪ್ಪಲ್ಲ ಸರ್. ನೀವೇ ನೋಡಿ, ಒಂದು ಚಿತ್ತಿಲ್ಲ, ಒಂದು ತಿದ್ದಿದ್ದಿಲ್ಲ. ನಾನು ಹೇಳಿದ್ದನ್ನೇ ಬರೆದಿದ್ದಾಳೆ. ಕಣ್ಣು ನಂದು. ನಾನೇ ತಪ್ಪು ಓದಿರಬೇಕು."

ಯಾರನ್ನೋ ಕಾಪಾಡುವ ಠೀವಿ ಆ ಮಾತಿನಲ್ಲಿ ಇರಲೇ ಇಲ್ಲ. ನಿಜವಾಗಿಯೂ ಹಾಗೇ ನಂಬಿ ಹೇಳಿದರು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎನ್ನುತ್ತಾರಲ್ಲ, ಅವಳು ತಲೆ ತಗ್ಗಿಸಿ ಕೂತಳು. ಮಾಸ್ತರನ್ನು ತಟ್ಟೆ ಓದುವುದರಿಂದ ತೆಗೆದು ಮಾದರಿ ತೆಗೆದುಕೊಳ್ಳುವ ಕಿಂಡಿಯಲ್ಲಿ ಕೂರಿಸಿದರು. ಹನ್ನೊಂದು ವರ್ಷ ಅವರು ಅಲ್ಲಿ ಡಬ್ಬಿಗಳಿಗೆ ಮೊಹರು ಹಾಕಿದರು. ಕಿಟಕಿ ಪಕ್ಕದ ಅವರ ಕುರ್ಚಿಗೆ ಅವಳು ಬಂದಳು, ಅಲ್ಲಿಂದ ಮೇಲಿನ ಕುರ್ಚಿಗೆ, ಅಲ್ಲಿಂದ ಅದಕ್ಕೂ ಮೇಲಿನದಕ್ಕೆ.

ಅಲ್ಲಿಯ ತನಕದ್ದು ಬರೀ ಮೌನ. ಮೌನಕ್ಕೆ ಏನಾದರೂ ಒಂದು ನೆಪ ಹೇಳಿಕೊಳ್ಳಬಹುದು. ನಿವೃತ್ತಿಯ ದಿನ ಮಾಸ್ತರು ಅವಳ ಕೋಣೆಗೆ ಬಂದು, ಬಾಗಿಲು ಮುಂದಕ್ಕೆ ಎಳೆದು ನಿಂತರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ಒಂದೇ ಒಂದು ಕೇಳ್ತೀನಿ ಗುಂಡಕ್ಷರ, ಬೇಜಾರು ಮಾಡ್ಕೋಬೇಡ. ಅವತ್ತು ನಾನು ನಾಲ್ಕನೇದು ಅಂದ ಹಾಗೇ ನೆನಪು ನಂಗೆ. ಎಷ್ಟೋ ಸಲ ಕಿವೀಲಿ ಕೇಳಿಸುತ್ತೆ. ಆದ್ರೆ ರಿಜಿಸ್ಟರಲ್ಲಿ ಎರಡಿದೆ. ನಿಂಗೆ ನೆನಪಿದೆಯಾ? ನಾನು ಎರಡು ಅಂತಾನೇ ಅಂದ್ನಾ?"

ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ನೆನಪಿಲ್ಲ ಮಾಸ್ತರೇ ಎಂದಿದ್ದರೂ ಸಾಕಿತ್ತು. ಅವಳು ಅವರ ಮುಖ ನೋಡಿಕೊಂಡೇ ಹೇಳಿದಳು. "ಹೂಂ ಮಾಸ್ತರೇ. ಎರಡು ಅಂತಾನೇ ಅಂದ್ರಿ."

"ಸರಿ ಬಿಡು" ಎಂದರು ಮಾಸ್ತರು. "ಗೊತ್ತಾಗಿದ್ದು ಒಳ್ಳೇದಾಯ್ತು." ಬಾಗಿಲು ತೆರೆದು ಹೋದರು. ಹೊರಗೆ ಅವರ ಬೀಳ್ಕೊಡುಗೆಗೆ ಕುರ್ಚಿ ಹಾಕುತ್ತಿದ್ದರು.

* * *

ಮಾಸ್ತರ ಹೆಂಡತಿ ಒಳಕೋಣೆಯಲ್ಲಿ ಒಬ್ಬರೇ ಕೂತು ಗಂಡನ ಅಂಗಿಗಳನ್ನು ಮಡಚುತ್ತಿದ್ದರು. ಮೇಡಂ ಚಹಾ ಹಿಡಿದು ಹೋದರು. ಇನ್ನು ಇವರನ್ನು ಬಿಟ್ಟರೆ ಯಾರಿಗೂ ಹೇಳಲಾಗುವುದಿಲ್ಲ ಎಂದು ಗೊತ್ತಿತ್ತು.

"ಬಾ ಗುಂಡಕ್ಷರ, ಕೂತ್ಕೋ. ಬೆಳಗ್ಗಿಂದ ಲೋಟ ತೊಳೀತಾ ಇದೀಯಂತೆ. ಇಷ್ಟು ದೊಡ್ಡೋಳಾಗಿ..." ಎಂದರು ಅವರು. ಚಹಾ ತೆಗೆದುಕೊಂಡು ಪಕ್ಕಕ್ಕಿಟ್ಟರು. "ಅವರಿಗೆ ನಿನ್ನ ಕಂಡ್ರೆ ತುಂಬ ಹೆಮ್ಮೆ ಕಣಮ್ಮ. ಪೇಪರಲ್ಲಿ ನಿನ್ನ ಫೋಟೋ ಬಂದಾಗ, ಓದಿ ಹೇಳು ಓದಿ ಹೇಳು ಅಂತ ಪ್ರಾಣ ತಿಂದ್ರು. ತಾವೇ ಓದಲ್ಲ ಅವರು. ಮಾತ್ರೆ ಚೀಟಿನೂ ಓದಲ್ಲ. ನನ್ನ ಕಣ್ಣು ನಂಬಬೇಡ, ನೀನೇ ಓದು ಅನ್ನೋರು. ಡಾಕ್ಟ್ರು ಕಣ್ಣು ಚೆನ್ನಾಗೇ ಇದೆ ಅಂತ ಬಡ್ಕೊಂಡ್ರೂ ಕೇಳ್ತಿರಲಿಲ್ಲ."

ಮೇಡಂ ಕೆಳಗೆ ಜಾರಿದ್ದ ಒಂದು ಅಂಗಿಯನ್ನು ಎತ್ತಿಕೊಟ್ಟರು.

"ಬೆಳಗ್ಗೆ ಆಸ್ಪತ್ರೆಯವರು ಫೋನ್ ಮಾಡಿದ್ರು. ಕಣ್ಣು ದಾನ ಕೊಡ್ತೀರಾ ಅಂತ. ಪ್ರಾಣ ಹೋದ ಆರು ಗಂಟೆಯೊಳಗೆ ತೆಗೀಬೇಕಂತೆ. ಎರಡು ಸಲ ಕೇಳಿದ್ರು ಪಾಪ, ಬೇಡ ಅಂದೆ."

"ಯಾಕಮ್ಮಾ?"

"ಅವರೇ ಹೇಳಿದ್ರಲ್ಲ ಹೋದ ತಿಂಗಳು. 'ಈ ಕಣ್ಣನ್ನ ಯಾಕೆ ಇನ್ನೊಬ್ಬರಿಗೆ ಗಂಟು ಹಾಕ್ತೀಯ? ನಾಲ್ಕು ಇದ್ರೆ ಎರಡು ಅಂತವೆ. ನನ್ನ ಜೊತೆಗೇ ಹೋಗ್ಲಿ ಬಿಡು' ಅಂದ್ರು."

ಬೆಳಗ್ಗೆ ಆರಕ್ಕೆ ಆರು ಗಂಟೆ ಸೇರಿದರೆ ಹನ್ನೆರಡು. ಈಗ ಹನ್ನೆರಡೂಕಾಲು. ಗಡಿಯಾರ ಹೊಡೆದಾಗ ತಾವು ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದುದು ಮೇಡಂಗೆ ನೆನಪಾಯಿತು. ಹನ್ನೊಂದಕ್ಕೇ ಹೇಳಿದ್ದರೆ, ಬಂದ ತಕ್ಷಣ ಹೇಳಿದ್ದರೆ, ಆ ಎರಡು ಕಣ್ಣು ಈಗ ಯಾರದೋ ಮನೆಗೆ ಹೊರಟಿರುತ್ತಿದ್ದವು. ಮೇಡಂ ನೆಲದ ಮೇಲೆ ಕೂತರು.

"ಅವರ ಕಣ್ಣು ತಪ್ಪಿರಲಿಲ್ಲಮ್ಮ. ಸರಿಯಾಗೇ ಓದಿದ್ರು. ನಾಲ್ಕು ಅಂತಾನೇ ಹೇಳಿದ್ರು. ತಪ್ಪು ಬರೆದೋಳು ನಾನು. ಬೇಗ ಸಿನಿಮಾಕ್ಕೆ ಹೋಗ್ಬೇಕು ಅಂತ ಮುಂಚೆನೇ ಎರಡು ಬರೆದಿಟ್ಟಿದ್ದೆ. ಅವರು ನನ್ನನ್ನ ಕೇಳಿದ್ರು ಕೂಡ. ಎರಡು ಅಂತಾನೇ ಅಂದ್ರಿ ಅಂತ ಸುಳ್ಳು ಹೇಳ್ದೆ."

ಮಾಸ್ತರ ಹೆಂಡತಿ ಮಡಚುತ್ತಿದ್ದ ಅಂಗಿಯನ್ನು ಪೂರ್ತಿ ಮಡಚಿ, ಸುಕ್ಕು ನೀವಿ, ಉಳಿದ ಅಂಗಿಗಳ ಮೇಲಿಟ್ಟರು.

"ಮದುವೆಯಾದಾಗಿಂದ ನಮ್ಮಿಬ್ಬರಿಗೆ ಜಗಳ ಆಗಿರೋದು ಹತ್ತೋ ಹನ್ನೆರಡೋ ಸಲ ಅಷ್ಟೇ" ಎಂದರು. "ಒಂದ್ಸಲ, ಮಾಡಿದ ಅಡುಗೆಯೆಲ್ಲ ಚೆಲ್ಲಿದ್ರು ಅಂತ ಸಿಟ್ಟು ಬಂದು ಅಂದ್ಬಿಟ್ಟೆ. 'ಆ ಮಗೂನ ತಿಂದಿದ್ದು ಅನ್ನ ಅಲ್ಲ, ನಿಮ್ಮ ಕಣ್ಣು' ಅಂತ. ಅವರು ಚೆಲ್ಲಿದ ಪಾತ್ರೆ ತೊಳೆದಿಟ್ರು." ಮಡಚಿಟ್ಟ ಅಂಗಿಯ ಮೇಲೆ ಕೈ ಇಟ್ಟರು. "ಈಗ ನಾನು ಎಲ್ಲಿ ಹೋಗಿ ಹೇಳ್ಲಿ? ಹೇಳು. ಎಲ್ಲಿ ಹೋಗ್ಲಿ ನಾನು?"

"ಕ್ಷಮಿಸಿ ಅಮ್ಮಾ."

"ನಾನ್ಯಾರು ಕ್ಷಮಿಸೋಕೆ? ನಿನ್ನನ್ನ ಕೇಳಿದ್ದು ನಾನಾ? ಅವರು. ಸತ್ತುಹೋದ್ಲಲ್ಲ, ಆ ಹುಡುಗಿ ಅಮ್ಮನ ಮನೆಗೂ ಹೋಗ್ತೀಯ, ಅದು ಆಮೇಲೆ. ಮೊದಲು ಇವರಿಗೆ ಹೇಳು. ಏಳು." ಮೇಡಂ ಎದ್ದೇಳಲಿಲ್ಲ. "ಏಳು ಅಂದೆ!"

ಆ ದನಿ ಹಜಾರಕ್ಕೂ ಕೇಳಿಸಿತು. ಬಾಟಲಿ ಅಣ್ಣ ಮಾತು ನಿಲ್ಲಿಸಿದ. ಮಾಸ್ತರ ಹೆಂಡತಿ ಮೇಡಂ ಅವರ ಮುಂಗೈ ಹಿಡಿದು, ಶಾಲೆ ತಪ್ಪಿಸಿದ ಮಗುವನ್ನು ಎಳೆದುಕೊಂಡು ಬಂದ ಹಾಗೆ, ಹಜಾರಕ್ಕೆ ಕರೆತಂದರು. ಕೈಕೆಳಗಿನ ಹುಡುಗ ಹುಡುಗಿಯರು ಮೇಡಂ ಬಂದರೆಂದು ಅಭ್ಯಾಸಬಲದಿಂದ ಎದ್ದು ನಿಂತರು. ಮಗಳು "ಏನಮ್ಮಾ?" ಎಂದಳು.

ಮೇಡಂ ಬಾಗಿಲ ಕಡೆಯಿಂದಲೇ ಮಂಚದ ಪಕ್ಕ ಮಂಡಿಯೂರಿದರು. ಹಜಾರಕ್ಕೆ ಬೆನ್ನು ಮಾಡಿ, ಮಾಸ್ತರ ಎಡಗಿವಿಯ ಹತ್ತಿರ ಬಾಯಿ ಇಟ್ಟು, ಉಸಿರಿಗಿಂತ ಸಣ್ಣಗೆ ಏನೋ ಹೇಳಿದರು. ಹೇಳಿ ಎದ್ದೇಳಲು ಹೊರಟರು.

"ಆ ಕಿವಿ ಕೇಳಿಸಲ್ಲ ಅವರಿಗೆ" ಎಂದರು ಮಾಸ್ತರ ಹೆಂಡತಿ. "ಆರು ವರ್ಷ ಆಯ್ತು. ನಿಂಗೆ ಹೇಗೆ ಗೊತ್ತಿರುತ್ತೆ, ಬಂದಿದ್ರೆ ತಾನೇ. ಆ ಕಡೆ ಹೋಗು."

ಆ ಕಡೆ ಗೋಡೆ. ಗೋಡೆಗೂ ಮಂಚಕ್ಕೂ ನಡುವೆ ಕುರ್ಚಿಗಳ ಸಾಲು, ಸಾಲಿನ ತುಂಬ ಜನ. ಏನು ಎತ್ತ ತಿಳಿಯದಿದ್ದರೂ ಒಬ್ಬೊಬ್ಬರಾಗಿ ಎದ್ದರು. ಬಾಟಲಿ ಅಣ್ಣ ಕುರ್ಚಿಗಳನ್ನು ಮಡಚಿ ಮಡಚಿ ಹಿಂದಕ್ಕೆ ಕೊಟ್ಟ. ದಾರಿಯಾಗುವ ತನಕ ಮೇಡಂ ಮಂಚದ ಕಾಲ ಬುಡದಲ್ಲಿ ಎಲ್ಲರ ಎದುರಿಗೆ ಕಾದು ನಿಂತಿದ್ದರು. ಆಮೇಲೆ ಗೋಡೆಗೆ ಸವರಿಕೊಂಡು ಹೋಗಿ, ಈ ಸಲ ಎಲ್ಲರಿಗೂ ಮುಖ ಮಾಡಿ ಕೂತರು.

"ಮಾಸ್ತರೇ" ಎಂದರು. "ನೀವು ನಾಲ್ಕನೇದು ಅಂದ್ರಿ. ನಾನು ಎರಡು ಬರೆದೆ."

ಮಗಳ ಕೈ ಬಾಯಿಗೆ ಹೋಯಿತು.

"ಇನ್ನೂ ಗಟ್ಟಿಯಾಗಿ ಹೇಳ್ಬೇಕು ಅವರಿಗೆ" ಎಂದರು ಮಾಸ್ತರ ಹೆಂಡತಿ. ಮಂಚದ ಮೇಲೆ ಬಗ್ಗಿ, ಗಂಡನ ಬಲಗಿವಿಯ ಮೇಲೆ ಇಳಿದಿದ್ದ ಬಿಳಿ ಬಟ್ಟೆಯನ್ನು ಎರಡು ಬೆರಳಿನಿಂದ ಸರಿಸಿ ಹಿಡಿದುಕೊಂಡರು.